ಊರಲ್ಲೇ ಇದೀನಲ್ಲ ಅಜ್ಜಿ

ಹೋದ ಭಾನುವಾರ ಅಮ್ಮಂಗೆ ವಿಡಿಯೋ ಕಾಲ್ ಮಾಡಿದ್ದೆ. ಮಾಮೂಲಿ ಮಾತು, ಮಳೆ ಬಂತಾ, ಮಂಡಿ ನೋವು ಹೆಂಗಿದೆ, ಚಿಕ್ಕಪ್ಪನ ಮನೆ ಗೃಹಪ್ರವೇಶಕ್ಕೆ ಏನ್ ಮುಯ್ಯಿ ಮಾಡೋದು, ಹಿಂಗೇ. ನನ್ ಮಗ ಹಿಂದ್ಗಡೆ ಸೋಫಾ ಮೇಲೆ ಕೆಸರು ಮೆತ್ಕೊಂಡಿರೋ ಜೆರ್ಸಿಲೇ ಬಿದ್ಕೊಂಡಿದ್ದ. ಅವನ ಕಾಲು ಕಂಡಿದ್ದೇ ತಡ ಅಮ್ಮ "ಏ ಕಂದ, ಇಲ್ ಬಾರೋ, ಮುಖ ತೋರ್ಸೋ, ಊರಿಗೆ ಯಾವಾಗೋ ಬರ್ತೀಯ?" ಅಂದ್ಲು. ಇವನು ತಲೆನೂ ಎತ್ತದೆ "ಊರಲ್ಲೇ ಇದೀನಲ್ಲ ಅಜ್ಜಿ, ಶನಿವಾರ ಮ್ಯಾಚ್ ಇದೆ" ಅಂದ.

ತಮಾಷೆಗೆ ಹೇಳಿದ್ದಲ್ಲ ಅದು. ತರಲೆ ಮಾಡೋಕೂ ಅಲ್ಲ. ಹತ್ತು ವರ್ಷದ ಹುಡುಗ, ಕೇಳಿದ ಪ್ರಶ್ನೆಗೆ ಗೊತ್ತಿರೋ ಉತ್ತರ ಕೊಟ್ಟ ಅಷ್ಟೇ. ಅಮ್ಮ ಒಂದು ಗಳಿಗೆ ಸುಮ್ನಾದ್ಲು, ಆಮೇಲೆ ಜೋರಾಗಿ ನಕ್ಕು "ಆಯ್ತಪ್ಪ, ನಿಮ್ಮೂರ ಮ್ಯಾಚ್ ಮುಗಿಸ್ಕೊಂಡೇ ಬಾ" ಅಂದ್ಲು. ಆದ್ರೆ ಫೋನ್ ಇಡೋ ಮುಂಚೆ ನನ್ ಹತ್ರ ಮೆಲ್ಲಗೆ, "ಹಾಸನ ಅಂತ ಹೇಳ್ಕೊಡಪ್ಪ ಅವ್ನಿಗೆ, ಯಾರಾದ್ರು ಕೇಳುದ್ರೆ ಏನಂದ್ಕೋತಾರೆ" ಅಂದ್ಲು. ಹೇಳ್ಕೊಟ್ಟಿಲ್ಲ ಅಂತಲ್ಲ. ಹಾಸನ ಎಲ್ಲಿದೆ ಅಂತ ಮ್ಯಾಪಲ್ಲಿ ತೋರಿಸ್ತಾನೆ, ಹೊಯ್ಸಳ ಅಂತಾನೆ, ಸಕಲೇಶಪುರದ ಘಾಟಿಲಿ ವಾಂತಿ ಮಾಡ್ಕೊಂಡಿದ್ದೂ ನೆನಪಿದೆ. ಆದ್ರೆ "ಊರು" ಅನ್ನೋ ಪದ ಮಾತ್ರ ಯಾವಾಗಲೋ ನಮಗೆ ಗೊತ್ತಾಗದಂಗೆ ಜಾಗ ಬದಲಾಯಿಸ್ಬಿಟ್ಟಿದೆ.

ಅವನು ಹೇಳಿದ ಊರು ಐರ್ಲೆಂಡಿನ ಕಿಲ್ಡೇರ್ ಕೌಂಟಿಲಿರೋ (ಕೌಂಟಿ ಅಂದ್ರೆ ನಮ್ ಜಿಲ್ಲೆ ಥರ) ಒಂದು ಸಣ್ಣ ಟೌನು. ಮ್ಯಾಚು ಅಂದ್ರೆ ಹರ್ಲಿಂಗ್, ಕೋಲಲ್ಲಿ ಬಾಲ್ ಹೊಡೆಯೋ ಇಲ್ಲಿನ ಆಟ. ಇದಕ್ಕೆಲ್ಲ ಕಾರಣ ಯಾರು ಅಂತ ಹುಡುಕ್ಕೊಂಡು ಹೋದ್ರೆ ಸೀದಾ ನಮ್ ಪಕ್ಕದ್ಮನೆ ಮುದುಕಪ್ಪನ ಹತ್ರ ಹೋಗಿ ನಿಲ್ಲುತ್ತೆ.

ನಾವು ಈ ಮನೆಗೆ ಬಂದು ಐದು ವರ್ಷ ಆಯ್ತು. ಬಂದ ಹೊಸದ್ರಲ್ಲಿ ಮಗ ಗೋಡೆಗೆ ಟೆನಿಸ್ ಬಾಲ್ ಹೊಡ್ಕೊಂಡು ಪ್ಲಾಸ್ಟಿಕ್ ಬ್ಯಾಟಲ್ಲಿ ಆಡ್ತಿದ್ದ. ಬೇಲಿ ಮೇಲೆ ಕೈ ಊರಿ ಒಬ್ರು ವಯಸ್ಸಾದವ್ರು ನೋಡ್ತಾ ನಿಂತಿದ್ರು, ಎಷ್ಟೊತ್ತಿಂದ ನಿಂತಿದ್ರೋ. "ಹುಡುಗನ ಮಣಿಕಟ್ಟು ಚೆನ್ನಾಗಿದೆ, ಯಾವ ಕ್ಲಬ್ಬು?" ಅಂತ ಕೇಳಿದ್ರು. ನಂಗೆ ಅರ್ಥ ಆಗ್ಲಿಲ್ಲ. ನಮ್ಮ ಕಡೆ ಕ್ಲಬ್ ಅಂದ್ರೆ ಇರೋದೇ ಎರಡು ಅರ್ಥ, ಒಂದು ಮೆಂಬರ್‌ಶಿಪ್ಪಿಗೆ ಲಕ್ಷಗಟ್ಟಲೆ ಕೇಳೋ ಬೆಂಗ್ಳೂರಿನ ಕ್ಲಬ್ಬು, ಇನ್ನೊಂದು ಇಸ್ಪೀಟ್ ಕ್ಲಬ್ಬು. ಐದು ವರ್ಷದ ಹುಡುಗ ಎರಡರಲ್ಲೂ ಇರೋ ಹಂಗಿಲ್ಲ. ಇಲ್ಲ ಸಾರ್ ಯಾವ ಕ್ಲಬ್ಬೂ ಇಲ್ಲ ಅಂದೆ. ಅವ್ರು ನನ್ನ ನೋಡಿದ ರೀತಿ ಇದ್ಯಲ್ಲ, ಮಗೂಗೆ ಇನ್ನೂ ಹೆಸರೇ ಇಟ್ಟಿಲ್ಲ ಅಂದ್ರೆ ನೋಡ್ತಾರಲ್ಲ, ಹಂಗೆ. ಶನಿವಾರ ಬೆಳಗ್ಗೆ ಹತ್ತಕ್ಕೆ ತಮ್ಮದೇ ಕಾರಲ್ಲಿ ಕರ್ಕೊಂಡು ಹೋದ್ರು.

"ಯಾವ ಕ್ಲಬ್ಬು" ಅಂದ್ರೆ ಇಲ್ಲಿ ಏನು ಅಂತ ಅರ್ಥ ಆಗೋಕೆ ನಂಗೆ ಎರಡು ವರ್ಷ ಹಿಡೀತು. ನಮ್ಮಲ್ಲಿ ಬಸ್ಸಲ್ಲಿ ಪಕ್ಕದಲ್ಲಿ ಕೂತವ್ರು "ಯಾವೂರಾಯ್ತು, ಯಾರ ಮಕ್ಳು" ಅಂತ ಕೇಳಲ್ವಾ, ಇದೂ ಅದೇ ಪ್ರಶ್ನೆ. ಜಿಎಎ, ಅಂದ್ರೆ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್, ಹರ್ಲಿಂಗ್ ಥರದ ಐರಿಶ್ ಆಟ ನಡೆಸೋ ಸಂಸ್ಥೆ, ಇಲ್ಲಿನ ಜನ ಪ್ರೀತಿಯಿಂದ ಬರೀ "ಗಾ" ಅಂತಾರೆ, ಅದರ ಲೆಕ್ಕಾಚಾರ ನಿಂತಿರೋದೇ ಊರಿನ ಮೇಲೆ. ಒಂದು ಚರ್ಚಿನ ವ್ಯಾಪ್ತಿ, ಪ್ಯಾರಿಷ್ ಅಂತಾರಲ್ಲ, ಸುಮಾರಾಗಿ ಅದೇ ಒಂದು ಕ್ಲಬ್ಬು. ನಮ್ ಹೋಬಳಿಗಿಂತ ಚಿಕ್ಕದು, ಹಳ್ಳಿಗಿಂತ ದೊಡ್ಡದು. ಹುಟ್ಟಿ ಬೆಳೆದ ಊರಿನ ಕ್ಲಬ್ಬಿಗೇ ಸಾಯೋವರೆಗೂ ಆಡೋದು, ಆಟ ಚೆನ್ನಾಗಿದ್ರೆ ಕೌಂಟಿಗೆ ಆಡೋದು. ದುಡ್ಡು ಕೊಟ್ಟು ಇನ್ನೊಂದು ಊರವನನ್ನ ಕೊಂಡ್ಕೊಂಡು ಬರೋ ಹಂಗಿಲ್ಲ. ಹರಾಜೇ ಇಲ್ಲ! ಐಪಿಎಲ್ ನೋಡಿ ಬೆಳೆದ ನಮ್ಮಂಥವ್ರಿಗೆ ಇದು ಸುಲಭಕ್ಕೆ ಜೀರ್ಣ ಆಗಲ್ಲ.

ದುಡ್ಡಿನ ವಿಷಯ ಬಂತಲ್ಲ ಹೇಳ್ಬಿಡ್ತೀನಿ. ಹೋದ ಚಳಿಗಾಲ ಬಾಯ್ಲರ್ ಕೆಟ್ಟು ಮನೆಯೆಲ್ಲ ಐಸ್ ಆಗಿತ್ತು, ರಿಪೇರಿಗೆ ಬಂದ ಹುಡುಗನನ್ನ ನೋಡಿ ನನ್ ಮಗ ಬಾಗಿಲ ಹಿಂದೆ ಹೋಗಿ ನಿಂತ್ಕೊಂಡ. ಯಾಕೋ ಅಂದ್ರೆ "ಅಪ್ಪ ಅವ್ನು ಕೌಂಟಿ ಪ್ಲೇಯರ್ ಅಪ್ಪ" ಅಂತ ಪಿಸುಗುಟ್ಟಿದ. ಟೀವಿಲಿ ಬರೋನು ನಮ್ಮನೆ ಅಡುಗೆಮನೇಲಿ ಸ್ಪ್ಯಾನರ್ ಹಿಡ್ಕೊಂಡು ಮಲಗಿದ್ದಾನೆ! ಜಿಎಎ ಅಮೆಚೂರ್ ಸಂಸ್ಥೆ, ಆಟಗಾರರಿಗೆ ಸಂಬಳ ಇಲ್ಲ, ಓಡಾಟದ ಖರ್ಚು ಗಿರ್ಚು ಸಿಗಬಹುದು ಅಷ್ಟೇ. ಡಬ್ಲಿನ್ನಿನ ಕ್ರೋಕ್ ಪಾರ್ಕಲ್ಲಿ 82,300 ಜನ ಹಿಡಿಯುತ್ತೆ, ಫೈನಲ್ ದಿನ ಅಲ್ಲಿ ಆಡಿದ ಮೇಷ್ಟ್ರು, ರೈತ, ಪ್ಲಂಬರ್ ಎಲ್ಲಾರೂ ಸಂಭ್ರಮ ಮುಗಿದ ಮೇಲೆ ವಾಪಸ್ ಕೆಲಸಕ್ಕೆ. ಇವನು ಬಾಯ್ಲರ್ ಸರಿ ಮಾಡಿ, ಮಗನ ಹರ್ಲಿ ಹಿಡಿಕೆಯ ಗ್ರಿಪ್ಪು ಬಿಚ್ಚಿ ಹೊಸದಾಗಿ ಸುತ್ತಿ ಕೊಟ್ಟು ಹೋದ. ಬಿಲ್ಲು ಬಾಯ್ಲರ್‌ಗೆ ಮಾತ್ರ ಹಾಕಿದ.

ಹರ್ಲಿ ಅಂದ್ರೆ ಕೋಲು. ಆಶ್ ಅನ್ನೋ ಮರದ್ದು, ತುದಿ ಅಗಲ, ಬೆಣ್ಣೆ ತೆಗೆಯೋ ಸೌಟಿನ ಹಂಗೆ. ಬಾಲ್ ಹೆಸರು ಬರೆಯೋದೊಂದು ಓದೋದೊಂದು, ಬಾಯಲ್ಲಿ "ಸ್ಲಿಟರ್" ಅಂತಾರೆ, ಕ್ರಿಕೆಟ್ ಬಾಲಿಗಿಂತ ಹಗುರ ಆದ್ರೆ ಬಡಿದ್ರೆ ಅಮ್ಮಾ ಅನ್ನಿಸುತ್ತೆ. ಕೈಲಿ ಹಿಡೀಬಹುದು, ಕೋಲಿನ ತುದೀಲಿ ಇಟ್ಕೊಂಡು ಓಡಬಹುದು, ಗಾಳಿಲಿ ಬರೋದನ್ನ ಹಂಗೇ ಬಾರಿಸಬಹುದು. ಬಲೆ ಒಳಗೆ ಹೋದ್ರೆ ಗೋಲು, ಮೂರು ಪಾಯಿಂಟು. ಮೇಲಿನ ಅಡ್ಡಕಂಬಿ ದಾಟಿ ಹೋದ್ರೆ ಒಂದು. ಮೊದಲನೇ ದಿನ ವಿಡಿಯೋ ಕಳಿಸಿದಾಗ ಕೊಡಗಿನ ಫ್ರೆಂಡ್ ಒಬ್ಬ "ಇದು ಹಾಕಿನಾ ಜಗಳನಾ?" ಅಂತ ಮೆಸೇಜ್ ಹಾಕಿದ್ದ. 2010ರಿಂದ ಎಲ್ಲಾರಿಗೂ ಹೆಲ್ಮೆಟ್ ಕಡ್ಡಾಯ ಮಾಡಿದ್ದಾರೆ. ಅದಕ್ಕೆ ಮುಂಚೆ ಆಡಿದವ್ರ ಹಲ್ಲು ನೋಡಿದ್ರೆ ಇತಿಹಾಸ ಓದೋದೇ ಬೇಡ, ನಮ್ ಟಿಪ್ ತಾತನ ಮುಂದಿನ ನಾಲ್ಕೂ ಕಟ್ಟಿಸಿದ್ದೇ.

ಟಿಪ್ ತಾತ ಅಂದ್ರೆ ಅದೇ ಪಕ್ಕದ್ಮನೆಯವ್ರು. ಟಿಪ್ಪರೇರಿ ಕೌಂಟಿಯವ್ರು. ಮಗ ಹಂಗೆ ಕರೀತಾ ಕರೀತಾ ಈಗ ಅವ್ರೂ ಮೆಸೇಜ್ ಕೊನೇಲಿ ಅದೇ ಹೆಸರು ಹಾಕ್ತಾರೆ. ಹೆಂಡತಿ ಕಿಲ್ಕೆನಿ ಕಡೆಯವ್ರು. ಹರ್ಲಿಂಗಲ್ಲಿ ಟಿಪ್ಪರೇರಿ ಕಿಲ್ಕೆನಿ ಅಂದ್ರೆ ಎಣ್ಣೆ ಸೀಗೇಕಾಯಿ, ಆ ಕಾಲಕ್ಕೆ ಅವ್ರದ್ದು ಒಂಥರಾ ಅಂತರ್ಜಾತಿ ಮದುವೆ. ಮನೆ ಮುಂದೆ ಎರಡು ಬಾವುಟ, ಒಂದು ನೀಲಿ ಹಳದಿ, ಇನ್ನೊಂದು ಕಪ್ಪು ಹಳದಿ. ತಾತ ಈ ಟೌನಿಗೆ ಕೆಲಸಕ್ಕೆ ಅಂತ ಬಂದು ಮೂವತ್ತೆಂಟು ವರ್ಷ ಆಗಿದೆಯಂತೆ. "ನಾನು ಇನ್ನೂ ಬ್ಲೋ-ಇನ್ ಕಣಪ್ಪ" ಅಂತಾರೆ. ಬ್ಲೋ-ಇನ್ ಅಂದ್ರೆ ಹೊರಗಿಂದ ಬಂದು ಸೇರ್ಕೊಂಡವ್ರು, ಗಾಳಿಗೆ ತೂರಿ ಬಂದವ್ರು ಅಂತ. ನೂರು ಚಿಲ್ಲರೆ ಕಿಲೋಮೀಟರ್ ಆಚೆಯಿಂದ ಬಂದವ್ರಿಗೇ ಈ ಪಾಡು, ಇನ್ನು ನಾನು ಎಷ್ಟು ದೊಡ್ಡ ಗಾಳಿಗೆ ಬಂದಿರಬೇಡ! "ನನ್ನ ಬಿಡು, ನನ್ ಮಕ್ಳನ್ನ ಮಾತ್ರ ಯಾರೂ ಬ್ಲೋ-ಇನ್ ಅನ್ನಲ್ಲ, ಈ ಜೆರ್ಸಿ ಹಾಕಿ ಆಡಿದ್ದಾರೆ" ಅಂದ್ರು ಒಂದಿನ. ಆವತ್ತು ಆ ಮಾತು ನನ್ ತಲೆಗೆ ಹೋಗಿರ್ಲಿಲ್ಲ. ಮೊನ್ನೆ ಮಗ ಅಜ್ಜಿಗೆ ಕೊಟ್ಟ ಉತ್ತರ ಕೇಳಿದ್ಮೇಲೆ ಹೋಯ್ತು.

ತಾತನ ಜೊತೆ ಗ್ರೌಂಡಿನ ಪಕ್ಕ ನಿಂತ್ರೆ ಇತಿಹಾಸ ಪಾಠ ಫ್ರೀ. 1884ರ ನವೆಂಬರ್ 1, ಟಿಪ್ಪರೇರಿಯ ಥರ್ಲಿಸ್ ಅನ್ನೋ ಊರಿನ ಹೇಯ್ಸ್ ಹೋಟೆಲ್ಲು, ಬೆರಳೆಣಿಕೆ ಜನ ಸೇರಿ ಜಿಎಎ ಶುರು ಮಾಡಿದ್ದು, ಮೈಕಲ್ ಕ್ಯೂಸಾಕ್ ಅಂತ ಒಬ್ರು ಮೇಷ್ಟ್ರು ಮುಂದಾಳು. ಬ್ರಿಟಿಷರ ಆಟ ಬಂದು ನಮ್ಮ ಆಟ ಸಾಯ್ತಾ ಇದೆ ಅನ್ನೋದು ಅವ್ರ ಕೊರಗು. ಅಲ್ಲಿಂದ ಹತ್ತಿಕೊಂಡಿದ್ದು ಎಲ್ಲಿಗೆ ಹೋಯ್ತು ಅಂದ್ರೆ, ಜಿಎಎ ಮೆಂಬರ್ ಆದವನು ಕ್ರಿಕೆಟ್ಟು, ಸಾಕರ್ರು, ರಗ್ಬಿ, ಹಾಕಿ ಆಡಬಾರ್ದು, ಆಡೋದಿರಲಿ ಹೋಗಿ ನೋಡಲೂ ಬಾರ್ದು ಅಂತ ರೂಲ್ಸು. ಯಾರು ಕದ್ದು ಹೋಗ್ತಾರೆ ಅಂತ ನೋಡೋಕೆ ಕಮಿಟಿ ಬೇರೆ. 1938ರಲ್ಲಿ ದೇಶದ ಮೊದಲನೇ ಅಧ್ಯಕ್ಷ ಡಗ್ಲಸ್ ಹೈಡ್ ಒಂದು ಸಾಕರ್ ಮ್ಯಾಚಿಗೆ ಹೋದ್ರು ಅಂತ ಅವ್ರನ್ನೇ ಪೋಷಕ ಸ್ಥಾನದಿಂದ ತೆಗೆದು ಹಾಕಿದ್ರು! ಆ ರೂಲ್ಸ್ ಹೋಗಿದ್ದು 1971ರಲ್ಲಿ. "ತಮಾಷೆ ಗೊತ್ತಾ, ಕ್ಯೂಸಾಕ್ ಮೇಷ್ಟ್ರು ಸ್ವತಃ ಕ್ರಿಕೆಟ್ ಆಡ್ತಿದ್ರು" ಅಂತ ಕಣ್ಣು ಹೊಡೆದ್ರು ತಾತ. ತಾತನ ಅಣ್ಣನೂ ಕದ್ದು ಸಾಕರ್ ನೋಡೋಕೆ ಹೋಗಿ ಟೋಪಿ ಮುಖದ ಮೇಲೆ ಎಳ್ಕೊಂಡು ಕೂತಿದ್ದನಂತೆ.

ನಗ್ತಾ ನಗ್ತಾನೇ ಇನ್ನೊಂದು ಕಥೆಗೆ ಬಂದ್ರು. 1920ರ ನವೆಂಬರ್ 21, ಕ್ರೋಕ್ ಪಾರ್ಕಲ್ಲಿ ಡಬ್ಲಿನ್‌ಗೂ ಟಿಪ್ಪರೇರಿಗೂ ಗೇಲಿಕ್ ಫುಟ್‌ಬಾಲ್ ಮ್ಯಾಚು, ಸಾಕರ್ ಅಲ್ಲ, ಜಿಎಎದೇ ಇನ್ನೊಂದು ಆಟ. ಬೆಳಗ್ಗೆ ಐರಿಶ್ ಕಡೆಯವ್ರು ಬ್ರಿಟಿಷ್ ಗೂಢಚಾರರನ್ನ ಕೊಂದಿದ್ರು, ಮಧ್ಯಾಹ್ನ ಬ್ರಿಟಿಷ್ ಪಡೆ ಗ್ರೌಂಡಿಗೆ ನುಗ್ಗಿ ಜನರ ಮೇಲೆ ಗುಂಡು ಹಾರಿಸಿತು. ಸುಮಾರು ತೊಂಬತ್ತು ಸೆಕೆಂಡು. 14 ಜನ ಸತ್ರು. ಟಿಪ್ಪರೇರಿ ಆಟಗಾರ ಮೈಕಲ್ ಹೋಗನ್ ಆಟದ ಮೈದಾನದಲ್ಲೇ ಬಿದ್ರು, ಅವ್ರ ಹೆಸರಿನ ಸ್ಟ್ಯಾಂಡು ಈಗಲೂ ಇದೆ, ಕಪ್ ಎತ್ತೋದೇ ಅಲ್ಲಿಂದ. ಸತ್ತವರಲ್ಲಿ ಜೆರೋಮ್ ಓ'ಲಿಯರಿ ಅಂತ ಒಂದು ಹುಡುಗ, ಗೋಡೆ ಮೇಲೆ ಕೂತು ಮ್ಯಾಚ್ ನೋಡ್ತಿದ್ದ. ವಯಸ್ಸು ಹತ್ತು. ನಾನು ಗ್ರೌಂಡ್ ಕಡೆ ನೋಡ್ದೆ, ನನ್ನದು ಅಲ್ಲಿ ಶೂ ಲೇಸ್ ಕಟ್ಟೋಕೆ ಬಗ್ಗಿತ್ತು.

ಇದಕ್ಕೂ ಒಂದೂವರೆ ವರ್ಷ ಮುಂಚೆ ನಮ್ಮಲ್ಲೂ ಹಿಂಗೇ ಆಯ್ತು ತಾತ, ಜಲಿಯನ್‌ವಾಲಾ ಬಾಗ್ ಅಂತ, ಅಂದೆ. ಅವ್ರು ತಲೆ ಅಲ್ಲಾಡಿಸಿ "ಗೊತ್ತು. ಆಗ ಪಂಜಾಬಿನ ಗವರ್ನರ್ ಆಗಿದ್ದ ಓ'ಡ್ವಯರ್ ನಮ್ಮೂರಿನ ಕಡೆಯವನೇ, ಟಿಪ್ಪರೇರಿ" ಅಂದ್ರು. ಆಮೇಲೆ ಇಬ್ರೂ ಮಾತಾಡ್ಲಿಲ್ಲ. ಒಂದೇ ಕೌಂಟಿಲಿ ಆ ಹೋಗನ್ನೂ ಹುಟ್ಟಿದ್ದು, ಈ ಓ'ಡ್ವಯರೂ ಹುಟ್ಟಿದ್ದು. ಅಷ್ಟೊತ್ತಿಗೆ ನನ್ ಮಗ ಓಡಿ ಬಂದ, ಬಾಯ್ತುಂಬಾ ಕಿತ್ತಳೆ ಹಣ್ಣು. ಯಾರೋ ಗೆದ್ರು ಅಂದೆ. "ಗೊತ್ತಿಲ್ಲ" ಅಂದ.

ಈ "ಗೊತ್ತಿಲ್ಲ" ನನ್ನ ಬಿಪಿ ಏರಿಸ್ತಾ ಇತ್ತು ಮೊದ್ ಮೊದ್ಲು. ಸಣ್ಣ ಮಕ್ಳ ಆಟದಲ್ಲಿ ಇಲ್ಲಿ ಸ್ಕೋರಿಗೆ ಬೆಲೆನೇ ಇಲ್ಲ, ಬಂದವ್ರೆಲ್ಲಾ ಆಡಬೇಕು, ಕಪ್ಪಿಲ್ಲ ಗಿಪ್ಪಿಲ್ಲ. ಚೆನ್ನಾಗಿ ಆಡೋನನ್ನ ಇಡೀ ಮ್ಯಾಚ್ ಆಡಿಸಿ, ಬಾರದವನನ್ನ ನೀರು ಕೊಡೋಕೆ ಇಟ್ಕೊಳ್ಳೋದಿಲ್ಲ. ನಾನು ಮನಸ್ಸಲ್ಲೇ ಎಣಿಸ್ತಿದ್ದೆ, ಎರಡು ಗೋಲು ನಾಲ್ಕು ಪಾಯಿಂಟು ಅಂತ. ಒಂದ್ಸಲ ಜೋರಾಗಿ ಬಾಯಿಬಿಟ್ಟೂ ಹೇಳ್ದೆ. ಪಕ್ಕದಲ್ಲಿದ್ದ ಹೆಂಗಸು ನಕ್ಕು, "ನಾವೆಲ್ಲಾರೂ ಎಣಿಸ್ತೀವಿ, ಹೇಳಲ್ಲ ಅಷ್ಟೇ" ಅಂದ್ರು. ಮ್ಯಾಚ್ ಆದ್ಮೇಲೆ ಹದಿನೆಂಟು ಜೆರ್ಸಿ ತುಂಬಿರೋ ಕೆಸರು ಬ್ಯಾಗು ಯಾರಾದ್ರು ಒಬ್ರ ಮನೆಗೆ ಹೋಗುತ್ತೆ ತೊಳಿಯೋಕೆ, ಸರದಿ ಪ್ರಕಾರ. ನಮ್ ಸರದಿ ಬಂದ ದಿನ ನನ್ನ ಹೆಂಡತಿ "ರೀ, ನಮ್ಮ ವಾಷಿಂಗ್ ಮೆಷೀನ್ ಐರ್ಲೆಂಡಿನ ಅರ್ಧ ಮಣ್ಣು ಕುಡೀತು" ಅಂದ್ಲು.

ಇನ್ನು ನಮ್ಮೂರಿನ ಕಥೆ. ನಮ್ಮಪ್ಪ ಮತ್ತೆ ಅವ್ರ ಜೊತೆಯವ್ರು ಎಂಬತ್ತರ ದಶಕದಲ್ಲಿ ಒಂದು ಯುವಕ ಸಂಘ ಕಟ್ಟಿದ್ರು. ರಿಜಿಸ್ಟ್ರೇಷನ್ ನಂಬರ್ ಇರೋ ತಗಡಿನ ಬೋರ್ಡು, ಒಂದು ರಬ್ಬರ್ ಸ್ಟಾಂಪು, ಒಂದು ಚಂದಾ ಪುಸ್ತಕ, ಸ್ಕೂಲ್ ಫೀಲ್ಡಲ್ಲಿ ಕಬಡ್ಡಿ ಅಂಕಣ. ರಾಜ್ಯೋತ್ಸವಕ್ಕೆ ಟೂರ್ನಮೆಂಟು, ಗ್ಯಾಸ್ ಲೈಟಿಂದ ಶುರುವಾಗಿ ಟ್ಯೂಬ್‌ಲೈಟಿಗೆ ಬಂತು. ಅಂಕಣಕ್ಕೆ ಗೆರೆ ಹಾಕೋದು ಅಪ್ಪನೇ, ಬೇರೆ ಯಾರಿಗೂ ಬಿಡ್ತಿರ್ಲಿಲ್ಲ. ಎರಡು ಗೂಟ ಹೊಡೆದು ಹಗ್ಗ ಬಿಗಿದು, ಕುಕ್ಕರುಗಾಲಲ್ಲಿ ಕೂತು ಸುಣ್ಣದ ಪುಡಿ ಬೆರಳ ಸಂದೀಲಿ ಬಿಡ್ತಾ ಹಿಂದಕ್ಕೆ ಹಿಂದಕ್ಕೆ ಸರೀತಿದ್ರು, ರಂಗೋಲಿ ಹಾಕೋ ಹಂಗೆ. ನಾನು ಹಗ್ಗದ ತುದಿ ಹಿಡ್ಕೋಬೇಕು. ಒಂಚೂರು ಸಡಿಲ ಆದ್ರೂ ಬೈಗುಳ. ಅದೇ ಸಂಘದವ್ರು ಸಾವಾದ ಮನೆಗೆ ಚಪ್ಪರ ಹಾಕ್ತಿದ್ರು, ಮದುವೆ ಮನೇಲಿ ಬಡಿಸ್ತಿದ್ರು, ಕೆರೆ ಕೋಡಿ ಬಿದ್ದಾಗ ಮರಳು ಮೂಟೆ ಹೊತ್ತಿದ್ರು. ಅದನ್ನ ಯಾರೂ ಸಮಾಜ ಸೇವೆ ಅಂತ ಕರೀತಿರ್ಲಿಲ್ಲ. ಫೋಟೋನೂ ಇಲ್ಲ.

ಆದ್ರೆ ಒಂದು ಸತ್ಯ ಹೇಳ್ಬೇಕು. "ಊರ ಟೀಮು" ಅಂತ ಕರೀತಿದ್ವಲ್ಲ, ಅದು ಪೂರ್ತಿ ಊರಿಂದಾಗಿರ್ಲಿಲ್ಲ. ಕಾಲೋನಿ ಹುಡುಗ್ರು ಗೆರೆ ಆಚೆ ನಿಂತು ನೋಡ್ತಿದ್ರು. ಅವ್ರಲ್ಲಿ ಒಬ್ಬ ಇದ್ದ, ರೈಡ್‌ಗೆ ಹೋದ್ರೆ ಮೀನು ಜಾರಿದ ಹಂಗೆ, ಯಾರ ಕೈಗೂ ಸಿಗ್ತಿರ್ಲಿಲ್ಲ. ತಾಲ್ಲೂಕು ಟೂರ್ನಮೆಂಟಿಗೆ ಅಪ್ಪ ಅವನನ್ನ ಟೀಮಿಗೆ ಹಾಕ್ಕೊಂಡ್ರು. ಗೆದ್ದು ಶೀಲ್ಡ್ ತಂದ್ರು. ವಾಪಸ್ ಬಂದ ರಾತ್ರಿ ಊಟಕ್ಕೆ ಪಂಕ್ತಿ ಹಾಕೋವಾಗ ಜಗಳ. ಕಬಡ್ಡಿ ಅಂದ್ರೆ ಮೈಮೇಲೆ ಬಿದ್ದು ಹಿಡಿಯೋ ಆಟ, ಅಂಕಣದಲ್ಲಿ ಮುಟ್ಟಬಹುದು, ಎಲೆ ಪಕ್ಕ ಕೂರಬಾರ್ದು! ಸಂಘ ಒಡೀತು. ಕೇಳಿದ್ರೆ ಈಗಲೂ ಲೆಕ್ಕಪತ್ರದ ವಿಷಯಕ್ಕೆ ಒಡೀತು ಅಂತಾರೆ. ಆಮೇಲೆ ಫೀಲ್ಡಿನ ಒಂದು ಕಡೆ ಸಮುದಾಯ ಭವನ ಬಂತು, ಉಳಿದ ಕಡೆ ಮದುವೆಗೆ ಬಂದವ್ರ ಕಾರು ನಿಲ್ಲುತ್ತೆ. ಬೋರ್ಡ್ ಮಾತ್ರ ಇದೆ, ಹಬ್ಬಕ್ಕೊಂದು ಫ್ಲೆಕ್ಸು, ಅದರಲ್ಲಿ ಇಪ್ಪತ್ತು ಮುಖ, ಒಂದಕ್ಕೂ ಆಡಿದ ಮೈ ಇಲ್ಲ.

ಮತ್ತೆ ನಮ್ಮಕ್ಕ. ಏಳನೇ ಕ್ಲಾಸಲ್ಲಿ ಹೋಬಳಿ ಮಟ್ಟದ ಓಟದಲ್ಲಿ ಹುಡುಗ್ರಿಗಿಂತ ಮುಂದೆ ಓಡಿದ್ಲು. ಎಂಟನೇ ಕ್ಲಾಸಿಗೆ ನಿಂತೋಯ್ತು. ಯಾರೂ ಬೈದು ನಿಲ್ಲಿಸ್ಲಿಲ್ಲ, ಸಂಘ ಕಟ್ಟಿದ ಅಪ್ಪನೂ ಏನೂ ಅನ್ಲಿಲ್ಲ, ಎಲ್ಲಾರೂ ಸುಮ್ನಿದ್ರು ಅಷ್ಟೇ. ಇಲ್ಲಿ ಮಳೇಲಿ ಮಿಂದು ಕಮೋಗಿ ಆಡೋ ಹುಡುಗೀರನ್ನ ನೋಡಿದಾಗೆಲ್ಲ ಅವಳ ಕಾಲು ನೆನಪಾಗುತ್ತೆ. ಕಮೋಗಿ ಅಂದ್ರೆ ಹೆಂಗಸ್ರ ಹರ್ಲಿಂಗು, 1904ರಿಂದ ಅದಕ್ಕೆ ಅಂತ ಸಂಘ ಇದೆ. ಇಲ್ಲೂ ಎಲ್ಲ ಸರಿ ಇದೆ ಅಂತಲ್ಲ, ಅದು ಇವತ್ತಿಗೂ ಬೇರೆ ಸಂಸ್ಥೆ, ಜಿಎಎ ಜೊತೆ ಒಂದು ಮಾಡೋ ಮಾತುಕತೆ ಎಳೀತಾನೇ ಇದೆ, ಗ್ರೌಂಡ್ ಹಂಚಿಕೊಳ್ಳೋ ವಿಷಯಕ್ಕೆ ನಮ್ ಕ್ಲಬ್ಬಲ್ಲೇ ಎರಡು ಮೀಟಿಂಗ್ ಜಗಳ ನೋಡಿದೀನಿ.

ನಮ್ಮಲ್ಲಿ ಮಾಡೋಕಾಗಲ್ಲ ಅಂತ ಮಾತ್ರ ಯಾರೂ ಹೇಳಬೇಡಿ. ಆ ಕೊಡಗಿನ ಫ್ರೆಂಡು ಅದಕ್ಕೆ ಸಾಕ್ಷಿ. ಅವ್ರ ಕೌಟುಂಬಿಕ ಹಾಕಿ 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವ್ರು ಶುರು ಮಾಡಿದಾಗ 60 ಕುಟುಂಬ, 2024ರಲ್ಲಿ ನಾಪೋಕ್ಲಲ್ಲಿ ನಡೆದಾಗ 360. ಒಂದೇ ಮನೆತನದ ಟೀಮಲ್ಲಿ ತಾತ, ಸೊಸೆ, ಮೊಮ್ಮಗ ಎಲ್ಲಾರೂ ಸ್ಟಿಕ್ ಹಿಡೀಬಹುದು, ವರ್ಷಕ್ಕೊಂದು ಮನೆತನ ನಡೆಸಿಕೊಡುತ್ತೆ. ಇದನ್ನ ಟಿಪ್ ತಾತನಿಗೆ ಹೇಳಿದಾಗ ಕಣ್ಣರಳಿಸಿ ಕೇಳಿದ್ರು, ಅವ್ರು ನನ್ನ ದೇಶದ ಬಗ್ಗೆ ನಿಜವಾಗ್ಲೂ ಹೊಟ್ಟೆಕಿಚ್ಚು ಪಟ್ಟಿದ್ದು ಅದೊಂದೇ ಸಲ.

2025ರ ಜುಲೈ 20 ಮರೆಯಲ್ಲ. ಇಡೀ ಐರ್ಲೆಂಡಿನ ಹರ್ಲಿಂಗ್ ಫೈನಲಲ್ಲಿ ಟಿಪ್ಪರೇರಿ, ಎದುರಿಗೆ ಕಾರ್ಕ್ ಕೌಂಟಿ. ಸೆಮಿಫೈನಲಲ್ಲಿ ಕಿಲ್ಕೆನಿನ ಸೋಲಿಸಿದ್ದಕ್ಕೆ ಅಜ್ಜಿ ಎರಡು ದಿನ ತಾತನಿಗೆ ಟೀ ಮಾಡಿಕೊಟ್ಟಿರ್ಲಿಲ್ಲ. ಫೈನಲ್ ಅವ್ರ ಮನೇಲೇ ನೋಡಿದ್ವಿ, ನಾವು ಚಿತ್ರಾನ್ನ ತಗೊಂಡು ಹೋಗಿದ್ವಿ. ಹಾಫ್‌ಟೈಮಲ್ಲಿ ಟಿಪ್ಪರೇರಿ ಆರು ಪಾಯಿಂಟ್ ಹಿಂದೆ, ತಾತ ಎದ್ದು ಹಿತ್ತಲಿಗೆ ಹೋಗಿ ನಿಂತುಬಿಟ್ರು, ಆಮೇಲೆ ಏನಾಯ್ತೋ ಕಾರ್ಕ್ ಸೆಕೆಂಡ್ ಹಾಫಲ್ಲಿ ಎರಡೇ ಎರಡು ಪಾಯಿಂಟ್ ಹೊಡೀತು, ಹದಿನೈದು ಪಾಯಿಂಟಲ್ಲಿ ಗೆದ್ರು, ತಾತ ನನ್ ಮಗನನ್ನ ತಬ್ಕೊಂಡು ಅತ್ರು. ಆದ್ರೆ ಅದರ ಹಿಂದಿನ ದಿನವೇ ಡಬ್ಲಿನ್ನಿನ ಟಾಲಾ ಅನ್ನೋ ಕಡೆ ಒಬ್ಬ ಭಾರತೀಯನನ್ನ ಹೊಡೆದು ಬಟ್ಟೆ ಕಿತ್ತು ಬಿಟ್ಟಿದ್ರು. ಸುದ್ದಿ ನಮಗೆ ಗೊತ್ತಾಗಿದ್ದು ಆಮೇಲೆ. ಅದಾದ್ಮೇಲೆ ಇನ್ನಷ್ಟು ಕಡೆ ಹಲ್ಲೆ, ಆಗಸ್ಟ್ 1ಕ್ಕೆ ಎಂಬೆಸಿಯಿಂದ ಎಚ್ಚರಿಕೆ, ಡಬ್ಲಿನ್ನಿನ ಇಂಡಿಯಾ ಡೇ ಮುಂದಕ್ಕೆ ಹೋಯ್ತು. ಊರಿಂದ ದಿನಾ ಫೋನು. ನನ್ನ ಹೆಂಡತಿ ಸಂಜೆ ವಾಕ್ ನಿಲ್ಲಿಸಿದ್ಲು, ಮಗನನ್ನ ಪ್ರಾಕ್ಟೀಸಿಗೆ ಕಳಿಸ್ಲಿಲ್ಲ.

ಎರಡನೇ ಪ್ರಾಕ್ಟೀಸ್ ತಪ್ಪಿಸಿದ ಸಂಜೆ ಬಾಗಿಲು ತಟ್ಟಿದ ಸದ್ದು. ತಾತ, ಹಿಂದೆ ಟೀಮಿನ ಮಕ್ಳ ಅಪ್ಪ ಅಮ್ಮಂದಿರು ಒಂದು ಐದಾರು ಜನ. ಯಾರೂ ಭಾಷಣ ಮಾಡ್ಲಿಲ್ಲ, ನಾಚಿಕೆ ಆಗ್ತಿದೆ ಗೀಚಿಕೆ ಆಗ್ತಿದೆ ಅನ್ಲಿಲ್ಲ. "ಹುಡುಗ ಎಲ್ಲಿ, ಲೇಟಾಯ್ತು" ಅಂದ್ರು. ಎಲ್ಲಾರೂ ಒಟ್ಟಿಗೆ ಗ್ರೌಂಡಿಗೆ ನಡ್ಕೊಂಡು ಹೋದ್ವಿ, ಮುಖ್ಯ ರಸ್ತೇಲೇ, ಬೇಕಂತಲೇ. ಇದರಿಂದ ಭಯ ಪೂರ್ತಿ ಹೋಯ್ತಾ ಅಂದ್ರೆ ಇಲ್ಲ. ಈಗಲೂ ಕತ್ತಲಾದ್ಮೇಲೆ ಟ್ರೇನಿಂದ ಇಳಿದಾಗ ಹಿಂದೆ ತಿರುಗಿ ನೋಡ್ತೀನಿ. ಆದ್ರೂ.

ಈ ಮಾರ್ಚಲ್ಲಿ ಕ್ಲಬ್ಬಿನ ಗ್ರೌಂಡ್ ನೋಡ್ಕೋತಿದ್ದ ಯಜಮಾನ್ರು ತೀರ್ಕೊಂಡ್ರು. ಮೂವತ್ತು ವರ್ಷದ ಮೇಲಾಯ್ತಂತೆ, ಶುಕ್ರವಾರ ಶುಕ್ರವಾರ ಗ್ರೌಂಡಿಗೆ ಬಿಳಿ ಗೆರೆ ಎಳೆಯೋದು ಅವ್ರ ಕೆಲಸ. ಸಂಬಳ ಇಲ್ಲದ ಕೆಲಸ. ನನ್ ಜೊತೆ ಅವ್ರು ಐದು ವರ್ಷದಲ್ಲಿ ಆಡಿದ್ದು ಒಂದೇ ಮಾತು, "ಗೆರೆ ತುಳೀಬೇಡ, ಒಣಗಿಲ್ಲ". ಮಣ್ಣಿನ ದಿನ ಚರ್ಚಿಂದ ಗೇಟಿನವರೆಗೂ ರಸ್ತೆ ಎರಡೂ ಕಡೆ ಮಕ್ಕಳು ಮುದುಕ್ರು ಎಲ್ಲಾ ಕ್ಲಬ್ಬಿನ ಜೆರ್ಸಿ ಹಾಕ್ಕೊಂಡು ಸಾಲಾಗಿ ನಿಂತಿದ್ರು, ಇಲ್ಲಿ ಅದು ಪದ್ಧತಿ. ನನ್ ಮಗ ಹರ್ಲಿನ ಎದೆಗೆ ಅವುಚ್ಕೊಂಡು ನಿಂತಿದ್ದ, ಗಾಳಿಗೆ ಕಣ್ಣಲ್ಲಿ ನೀರು. ಪೆಟ್ಟಿಗೆನ ಹೆಗಲ ಮೇಲೆ ಹೊತ್ಕೊಂಡು ಬಂದವ್ರಲ್ಲಿ ನಮ್ ಬಾಯ್ಲರ್ ಹುಡುಗನೂ ಇದ್ದ.

ಮೂರು ವರ್ಷದ ಹಿಂದೆ ಅಪ್ಪ ಹೋದಾಗ ನಾನು ದುಬೈ ಏರ್‌ಪೋರ್ಟಲ್ಲಿದ್ದೆ. ಫ್ಲೈಟ್ ತಪ್ಪಿ, ಊರು ಮುಟ್ಟೋವಾಗ ಎಲ್ಲಾ ಮುಗಿದಿತ್ತು. ಒಬ್ಬನೇ ಮಗ, ಹೆಗಲು ಕೊಡೋಕಾಗ್ಲಿಲ್ಲ. ಯಾರು ಹೊತ್ರು ಅಂತ ಕೇಳೋಕೂ ನಂಗೆ ತುಂಬಾ ದಿನ ಬಾಯಿ ಬರ್ಲಿಲ್ಲ. ಆಮೇಲೊಂದಿನ ಅಮ್ಮನೇ ಹೇಳಿದ್ಲು, ಹಳೇ ಕಬಡ್ಡಿ ಟೀಮಿನವ್ರು ಹೊತ್ರು ಕಣೋ, ಎಲ್ಲಾರಿಗೂ ಅರವತ್ತರ ಮೇಲೆ, ಉಬ್ಬಸ ಬಿಡ್ತಾ ಹೊತ್ರು, ಕೆರೆ ಏರಿ ಹತ್ತೋವಾಗ ಆ ಕಾಲೋನಿ ಹುಡುಗನೂ ಬಂದು ಹೆಗಲು ಕೊಟ್ಟ, ಅಂತ. ಹುಡುಗ ಅಂದ್ಲು, ಅವನಿಗೂ ಮೊಮ್ಮಕ್ಕಳಿದ್ದಾರೆ. "ಯಾರೂ ಏನೂ ಅನ್ಲಿಲ್ಲ" ಅಂತಾನೂ ಸೇರಿಸಿದ್ಲು.

ಚರ್ಚಿನ ಮುಂದೆ ಆ ಸಾಲಲ್ಲಿ ನಿಂತಾಗ ನಾನು ಯಾರಿಗೆ ನಿಂತಿದ್ದೆ ಅಂತ ನಂಗೊಬ್ಬನಿಗೇ ಗೊತ್ತು.

ಈಗ ಗೆರೆ ಎಳೆಯೋ ಕೆಲಸಕ್ಕೆ ಸರದಿ ಮಾಡಿದ್ದಾರೆ. ಮೊನ್ನೆ ಶುಕ್ರವಾರ ನಂದು. ಪೇಂಟ್ ತುಂಬಿದ ಸಣ್ಣ ತಳ್ಳೋ ಗಾಡಿ, ನೋಡೋಕೆ ಏನ್ ಮಹಾ ಅನ್ಸುತ್ತೆ, ತಳ್ಳಿದ್ರೆ ಹುಲ್ಲಿನ ದಿಬ್ಬ ಸಿಕ್ಕಿದ ಕಡೆಯೆಲ್ಲ ತಾನೇ ದಾರಿ ಮಾಡ್ಕೊಂಡು ಹೋಗುತ್ತೆ. ತಾತ ಸ್ಟಿಕ್ ಊರ್ಕೊಂಡು ನಿಂತು ಎಡಕ್ಕೆ, ಬಲಕ್ಕೆ, ಅಯ್ಯೋ ನಿಲ್ಸು ಅಂತ ಕೂಗ್ತಾನೇ ಇದ್ರು. ಮುಗಿಸಿ ತಿರುಗಿ ನೋಡಿದ್ರೆ ಸೈಡ್‌ಲೈನು ನದಿ ಹರಿದ ಹಂಗಿತ್ತು. ಮಗ ಫೋಟೋ ತೆಗೆದು ಅಜ್ಜಿಗೆ ಕಳಿಸಿಬಿಟ್ಟ, "ಅಪ್ಪ ಹಾಕಿದ್ದು" ಅಂತ.

ಊರಲ್ಲಿ ಆಗಲೇ ಸರಿರಾತ್ರಿ, ಅಮ್ಮಂಗೆ ನಿದ್ದೆ ಬಂದಿರ್ಲಿಲ್ಲ ಅನ್ಸುತ್ತೆ. ಎರಡೇ ನಿಮಿಷಕ್ಕೆ ವಾಯ್ಸ್ ಮೆಸೇಜ್ ಬಂತು. "ಏನೋ ಇದು, ಎತ್ತು ಉಚ್ಚೆ ಹೊಯ್ದಂಗಿದೆ. ನಿಮ್ಮಪ್ಪನ ಜೊತೆ ಅಷ್ಟು ವರ್ಷ ಹಗ್ಗ ಹಿಡಿದಿದ್ದು ದಂಡ. ಎರಡು ಗೂಟ ಹೊಡೆದು ಹಗ್ಗ ಕಟ್ಟೋ, ಆಮೇಲೆ ಎಳಿ."

ತಾತನಿಗೆ ಅರ್ಥ ಹೇಳ್ದೆ, ಎತ್ತಿನ ವಿಷಯನೂ ಸೇರಿಸಿ. ಅವ್ರು ನಕ್ಕು ನಕ್ಕು ಸುಸ್ತಾಗಿ, ಗ್ಯಾರೇಜಲ್ಲಿ ಬಟ್ಟೆ ಒಣಗಿಸೋ ಹಗ್ಗ ಒಂದಿದೆ, ತರ್ತೀನಿ ಇರು ಅಂತ ಹೋದ್ರು.